ತೋಟದ ಮನೆಗೆ ಹಾಸುಗಲ್ಲು: ದಾವಣಗೆರೆ–ಚಿತ್ರದುರ್ಗದಲ್ಲಿ ಯಾವ ಕಲ್ಲು ಕೊಳ್ಳಬೇಕು, ಯಾರ ಕೈಯಲ್ಲಿ ಹಾಸಿಸಬೇಕು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹೊಲದ ಮನೆ, ತೋಟದ ಮನೆ ಸುತ್ತ ಕಾಲುಹಾದಿ ಮಾಡಿಸುವವರಿಗೆ ಕಲ್ಲಿನ ಆಯ್ಕೆಗೆ ಕೊರತೆಯಿಲ್ಲ. ಗ್ರಾನೈಟ್ ಅಂಗಡಿಗಳಲ್ಲಿ ಊರ ಸುತ್ತಿನ ಬೂದು ಕಲ್ಲು, ಇಳಕಲ್ಲಿನ ಕೆಂಪು, ಶಹಾಬಾದ್, ಕಡಪ, ಕೋಟಾ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಕೊರತೆ ಇರುವುದು ಆ ಕಲ್ಲನ್ನು ನಮ್ಮ ಮಣ್ಣಿಗೆ ತಕ್ಕಂತೆ ಕೂರಿಸುವ ಕೈಗಳಿಗೆ.

ನಮ್ಮ ತೀರ್ಪು ಇಷ್ಟು. ಬಯಲಿನ ಹಾದಿಗೆ ಸ್ಥಳೀಯ ಬೂದು ಗ್ರಾನೈಟಿನ 2 ಇಂಚು ದಪ್ಪದ ಒರಟು ಮುಖದ ಚಪ್ಪಡಿಯೇ ಮೊದಲ ಆಯ್ಕೆ. ಶಹಾಬಾದ್ ಕಲ್ಲು ಜಗಲಿ, ನಡುಮನೆಯ ಅಂಗಳ, ಕಾಂಕ್ರೀಟ್ ಹಾಸಿದ ಕಡೆಗಳಿಗೆ ಸರಿ, ತೋಟದೊಳಗಿನ ದಾರಿಗೆ ಬೇಡ. ಕಡಪ ಕಲ್ಲನ್ನು ಬಿಸಿಲಿರುವ ಜಾಗಕ್ಕೆ ತರಲೇಬೇಡಿ. ಗಿಡದ ಕೆಲಸ ನರ್ಸರಿಯವರಿಗೆ, ಕಲ್ಲಿನ ಕೆಲಸ ಕಲ್ಲು ಮೇಸ್ತ್ರಿಗೆ, ತಳದ ಕೆಲಸ ಮಣ್ಣು ಗಟ್ಟಿ ಮಾಡುವ ಯಂತ್ರ ಇರುವವರಿಗೆ. ಮೂರನ್ನೂ ಒಬ್ಬರಿಗೇ ಒಪ್ಪಿಸಿದ ಕಡೆ ಕೆಡುವುದು ಹೆಚ್ಚಾಗಿ ತಳವೇ. ಖರ್ಚು ಉಳಿಸಬೇಕೆಂದರೆ ಕಲ್ಲಿನಲ್ಲಿ ಉಳಿಸಿ, ಅದರ ಕೆಳಗಿನ ಗರಸಿನಲ್ಲಿ (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನಲ್ಲಿ) ಉಳಿಸಬೇಡಿ.

ಅಂಗಡಿಗೆ ಹೋಗುವ ಮೊದಲು ಒಂದು ಗುಂಡಿ

ಈ ಸೀಮೆಯಲ್ಲಿ ಒಂದೇ ಊರಿನ ಎರಡು ಹೊಲಗಳ ಮಣ್ಣು ಬೇರೆಬೇರೆ ಇರುತ್ತದೆ. ಹಾದಿ ಬರುವ ಜಾಗದಲ್ಲಿ ಒಂದೂವರೆ ಅಡಿ ಆಳ ತೋಡಿ, ತಳದ ಮಣ್ಣನ್ನು ಒಂದು ಹಿಡಿ ತೆಗೆದು ನೀರು ಬೆರೆಸಿ ಅಂಗೈಯಲ್ಲಿ ಹೊಸೆಯಿರಿ. 3 ಎಂಎಂ ತೆಳುವಿನ ಎಳೆಯಾದರೂ ತುಂಡಾಗದೆ ಕೈಗೆ ಅಂಟಿಕೊಂಡರೆ ಅದು ಎರೆ, ಅಂದರೆ ಕಪ್ಪು ಜೇಡಿಮಣ್ಣು. ಹೊಸೆಯುವಾಗಲೇ ಉದುರಿದರೆ ಮಸಾರಿ (ಕೆಂಪು ಮಣ್ಣು) ಅಥವಾ ಗರಸು. ಬೇಸಿಗೆಯಲ್ಲಿ ಎರೆಭೂಮಿ ತಾನೇ ಬಿರುಕು ಬಿಟ್ಟು ತೋರಿಸಿಕೊಳ್ಳುತ್ತದೆ. ಮನೆ ಕಟ್ಟುವಾಗ ಮೇಲೆ ಒಂದು ಅಡಿ ಕೆಂಪು ಮಣ್ಣು ತುಂಬಿಸಿದ ಕಡೆ ಮಾತ್ರ ಮೋಸ ಹೋಗುವುದು ಸುಲಭ. ಮೇಲೆ ಕೆಂಪು, ಅಡಿಯಲ್ಲಿ ಎರೆ. ಅದಕ್ಕೇ ಆಳಕ್ಕೆ ತೋಡಬೇಕು. ಅನುಮಾನ ಉಳಿದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಿರಿಯೂರಿನ ಕಡೆಯವರು ಬಬ್ಬೂರು ಫಾರ್ಮಿನಲ್ಲಿ ಮಣ್ಣು ತೋರಿಸಿ ಕೇಳಬಹುದು.

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಆ ಒತ್ತಡಕ್ಕೆ ಮನೆಯ ಪಾಯವೇ ಬಿರುಕು ಬಿಡುವಾಗ 3 ಇಂಚಿನ ಕಾಂಕ್ರೀಟ್ ಹಾದಿ ತಡೆಯುವುದಿಲ್ಲ. ಸಿಮೆಂಟಿನಲ್ಲಿ ಬಿಗಿಯಾಗಿ ಕೂರಿಸಿದ ಕಲ್ಲು ಒಂದೆರಡು ಬೇಸಿಗೆಯಲ್ಲೇ ಸಂದಿನುದ್ದಕ್ಕೂ ಸೀಳುತ್ತದೆ, ಒಂದು ತುದಿ ಎದ್ದು ಕಾಲಿಗೆ ಎಡವುತ್ತದೆ. ಹಾಗಾಗಿ ಎರೆಯಲ್ಲಿ ತೋಟದ ಹಾದಿಯನ್ನು ಸಿಮೆಂಟಿಲ್ಲದೆ ಹಾಸುವುದೇ ಸರಿ. ಕಲ್ಲು ಸ್ವಲ್ಪ ಅಲುಗಿದರೂ ಒಡೆಯುವುದಿಲ್ಲ, ಹಾರೆ ಹಾಕಿ ಎತ್ತಿ ಮತ್ತೆ ಮಟ್ಟ ಮಾಡಬಹುದು.

ಇಲ್ಲಿ ಹೆಚ್ಚಿನವರು ಮಾಡುವ ಇನ್ನೊಂದು ತಪ್ಪು ಇದೆ. ಎರೆಯನ್ನು ತೋಡಿ ಆ ಕಾಲುವೆಗೆ ಬರೀ ಮರಳನ್ನೋ ಎಂ ಸ್ಯಾಂಡನ್ನೋ ತುಂಬಿಸುತ್ತಾರೆ. ಸುತ್ತಲಿನ ಎರೆ ನೀರನ್ನು ಬಿಡುವುದಿಲ್ಲ, ನಡುವಿನ ಮರಳು ನೀರನ್ನು ತಡೆಯುವುದಿಲ್ಲ. ಮಳೆ ಬಂದರೆ ಹಾದಿಯ ಅಡಿ ನೀರಿನ ತೊಟ್ಟಿಯಾಗುತ್ತದೆ, ತಳದ ಎರೆ ಅದನ್ನು ವಾರಗಟ್ಟಲೆ ಕುಡಿಯುತ್ತದೆ. ಮರಳಿನ ಬದಲು ಸ್ವಲ್ಪ ಅಂಟಿರುವ ಗರಸನ್ನು ಪದರ ಪದರವಾಗಿ ದಮ್ಮಸು ಮಾಡಿ (ಬಡಿದು ಒತ್ತಿ), ಕಾಲುವೆಯ ತಳಕ್ಕೂ ಒಂದು ಕಡೆಗೆ ವಾಟ (ಇಳಿಜಾರು) ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ಹೊರಹೋಗಲು ಬಾಯಿ ಬಿಡಬೇಕು.

ಮನೆಯ ಗೋಡೆಗೆ ಅಂಟಿದ ಸುತ್ತುಹಾದಿಯ ಲೆಕ್ಕ ಇದಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ಒಂದು ಹನಿಯೂ ಒಳಗೆ ಇಳಿಯಬಾರದು, ಏಕೆಂದರೆ ಪಾಯದ ಬುಡದ ಎರೆ ಒಂದು ಕಾಲ ನೆನೆದು ಒಂದು ಕಾಲ ಒಣಗಿದರೆ ಗೋಡೆಯಲ್ಲಿ ಓರೆ ಬಿರುಕು ಬರುತ್ತದೆ. ಗೋಡೆಯಿಂದ ಕನಿಷ್ಠ 3 ಅಡಿ ಅಗಲಕ್ಕೆ ಕಾಂಕ್ರೀಟ್ ಹಾಸಿ, ಅದರ ಮೇಲೆ ಸಂದು ಮುಚ್ಚಿದ ಕಲ್ಲು. ಹೊರಕ್ಕೆ 1ರಿಂದ 1¼ ಇಂಚು ವಾಟ. ಗೋಡೆಗೂ ಹಾಸಿಗೂ ನಡುವೆ ಅರ್ಧ ಇಂಚು ಬಿಟ್ಟು ಬಿಟುಮೆನ್ ತುಂಬಬೇಕು, ಎರಡನ್ನೂ ಸಿಮೆಂಟಿನಿಂದ ಬೆಸೆಯಬಾರದು. ಅಂಚಿನಾಚೆ ಚರಂಡಿ. 30 × 40 ಅಡಿ ಮನೆಯ ಸುತ್ತ 3 ಅಡಿ ಅಗಲವೆಂದರೆ 456 ಚದರಡಿ. 3 ಇಂಚು ದಪ್ಪಕ್ಕೆ 114 ಘನ ಅಡಿ ಕಾಂಕ್ರೀಟ್. 1:4:8 ಮಿಶ್ರಣದಲ್ಲಿ ಸುಮಾರು 11 ಚೀಲ ಸಿಮೆಂಟ್, 54 ಘನ ಅಡಿ ಎಂ ಸ್ಯಾಂಡ್, 108 ಘನ ಅಡಿ 40 ಎಂಎಂ ಜಲ್ಲಿ ಬೇಕು. 10 ಅಡಿಗೊಮ್ಮೆ ಅಡ್ಡ ಸಂದು ಬಿಡಿಸಿ, ಇಲ್ಲದಿದ್ದರೆ ಅದು ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ.

ಈ ಸುತ್ತುಹಾದಿಯ ಮೇಲ್ಮೈ ಮನೆಯ ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ಅಂಗಳ ಎತ್ತರಿಸುವ ಹುಮ್ಮಸ್ಸಿನಲ್ಲಿ ಇದನ್ನು ಮರೆತರೆ ಗೋಡೆಗೆ ತೇವ ಏರಿ ಬಣ್ಣ ಉದುರುತ್ತದೆ.

ಕಲ್ಲುಗಳು, ಒಂದೊಂದಾಗಿ

ಸ್ಥಳೀಯ ಬೂದು ಗ್ರಾನೈಟ್. ಇದರ ಮಾದರಿ ನೋಡಲು ಅಂಗಡಿಗಿಂತ ಚಿತ್ರದುರ್ಗದ ಕೋಟೆಯೇ ಮೇಲು. ಅಲ್ಲಿನ ಹಾಸು, ಮೆಟ್ಟಿಲು, ಬಂಡೆಯಲ್ಲೇ ಕಡಿದ ಪಾವಟಿಗೆಗಳ ಮೇಲೆ ಶತಮಾನಗಳಿಂದ ಜನ ಓಡಾಡಿದ್ದಾರೆ. ಉಳಿಯ ಗುರುತು ಉಳಿದಿರುವ ಕಡೆ ಕಾಲು ಹೇಗೆ ಹಿಡಿಯುತ್ತದೆ, ಸವೆದು ನುಣುಪಾದ ಕಡೆ ಹೇಗೆ ಜಾರುತ್ತದೆ ಎಂಬುದನ್ನು ನಡೆದು ನೋಡಿದರೆ ಕಲ್ಲಿಗೆ ಯಾವ ಮುಖ ಬೇಕೆಂದು ತಿಳಿಯುತ್ತದೆ. ಈ ಕಲ್ಲು ನಿಂಬೆರಸಕ್ಕಾಗಲಿ ಗೊಬ್ಬರದ ನೀರಿಗಾಗಲಿ ಜಗ್ಗುವುದಿಲ್ಲ. ನೀರು ಹೀರುವುದು ಬಹಳ ಕಡಿಮೆ. ಬೂದುಬಣ್ಣವಾದ್ದರಿಂದ ಏಪ್ರಿಲ್ ಬಿಸಿಲಲ್ಲೂ ಕಪ್ಪು ಕಲ್ಲಿನಷ್ಟು ಸುಡುವುದಿಲ್ಲ.

ಇದರಲ್ಲಿ ಮೂರು ಬಗೆಯ ಮುಖ ಸಿಗುತ್ತದೆ. ಉಳಿ-ಸುತ್ತಿಗೆಯಿಂದ ಸೀಳಿದ್ದು: ಅಗ್ಗ, ಹಿಡಿತ ಚೆನ್ನ, ಆದರೆ ದಪ್ಪ ಒಂದೇ ಸಮ ಇರುವುದಿಲ್ಲ. ಒಂದೇ ಕಲ್ಲಿನಲ್ಲಿ ಒಂದೂವರೆಯಿಂದ ಎರಡೂವರೆ ಇಂಚು ಇರಬಹುದು, ಹಾಸುವವನಿಗೆ ಕೈಚಳಕ ಬೇಕು. ಗರಗಸದಲ್ಲಿ ಕೊಯ್ದು ಮೇಲ್ಮೈಯನ್ನು ಬೆಂಕಿಯಲ್ಲಿ ಸಿಡಿಸಿದ್ದು, ಅಂದರೆ ಫ್ಲೇಮ್ಡ್: ದಪ್ಪ ಸಮ, ಹಿಡಿತವೂ ಇದೆ, ಬೆಲೆ ಹೆಚ್ಚು. ಪಾಲಿಶ್ ಮಾಡಿದ್ದು: ಹೊರಗೆ ಒಂದು ಚದರಡಿಯೂ ಹಾಕಬೇಡಿ, ಮಳೆಯಲ್ಲಿ ಹಿರಿಯರು ಬೀಳುತ್ತಾರೆ. ಅಡಿಗೆಮನೆ ಕಟ್ಟೆಗೆ ಕೊಯ್ದು ಉಳಿದ ತುಂಡುಗಳನ್ನು ಅಗ್ಗಕ್ಕೆ ಕೊಡುತ್ತೇವೆಂದು ಕರೆಯುವವರಿದ್ದಾರೆ. ಅವು ಪಾಲಿಶ್ ಆಗಿರುವುದಲ್ಲದೆ ದಪ್ಪ ಮುಕ್ಕಾಲು ಇಂಚಷ್ಟೇ. ಗರಸಿನ ಮೇಲೆ ಹಾಸಿದರೆ ಕಾಲಿಟ್ಟಲ್ಲಿ ಮುರಿಯುತ್ತವೆ.

ಹೊಲದ ಬೇಲಿಗೆ ನಿಲ್ಲಿಸುವ ಕಲ್ಲುಕಂಬ ಕೂಡ ಇದೇ ಕಲ್ಲು. ಹಾದಿಯ ಅಂಚಿಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. 7 ಅಡಿಯ ಕಂಬವನ್ನು ಮಲಗಿಸಿ ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೂತರೆ ಅಂಚು ಅಲುಗುವುದಿಲ್ಲ. ಸಾಗಿಸುವಾಗ ಮುರಿದ ಕಂಬಗಳು ಕಂಬದ ಕೆಲಸಕ್ಕೆ ಬಾರದೆ ಅಂಗಳದಲ್ಲಿ ಬಿದ್ದಿರುತ್ತವೆ. ಅವನ್ನು ಕೇಳಿ, ಚೌಕಾಸಿಗೆ ಜಾಗವಿದೆ.

ಇಳಕಲ್ ಕೆಂಪು, ಸಾದರಹಳ್ಳಿ ಬೂದು. ಎರಡೂ ಗಟ್ಟಿ ಗ್ರಾನೈಟುಗಳು, ಎರಡರ ಬಗ್ಗೆಯೂ ಗುಣದ ತಕರಾರಿಲ್ಲ. ಇಳಕಲ್ಲಿನದು ಹೊಸಪೇಟೆ ಮಾರ್ಗವಾಗಿ ಚಿತ್ರದುರ್ಗಕ್ಕೆ ನೇರ ಹೆದ್ದಾರಿಯಲ್ಲಿ ಬರುತ್ತದೆ, ಸಾದರಹಳ್ಳಿಯದು ದೇವನಹಳ್ಳಿ ಕಡೆಯಿಂದ. ಸಾಗಣೆಯ ಖರ್ಚು ಸೇರಿದಾಗ ಊರಿನ ಕಲ್ಲಿಗಿಂತ ದುಬಾರಿ, ಕೆಲಸದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬಾಗಿಲ ಮುಂದೆ ನಾಲ್ಕು ಕಲ್ಲು ಕೆಂಪಗಿರಲಿ ಎಂಬ ಆಸೆಗೆ ಸರಿ.

ಶಹಾಬಾದ್. ಕಲಬುರಗಿ ಸೀಮೆಯ ಸುಣ್ಣದ ಕಲ್ಲು. ಪದರ ಪದರವಾಗಿ ತಾನೇ ಬಿಡಿಸಿಕೊಳ್ಳುವುದರಿಂದ ತೆಳ್ಳಗೆ, ಚಪ್ಪಟೆಯಾಗಿ, ಅಗ್ಗವಾಗಿ ಸಿಗುತ್ತದೆ. ಬರಿಗಾಲಿಗೆ ತಂಪು, ಮನೆಯೊಳಗೆ ಇದನ್ನು ಮೀರಿಸುವ ನೆಲ ಕಡಿಮೆ. ಹೊರಗೆ ಅದೇ ಪದರಗಳು ತೊಂದರೆ. ಅಡಿಯಿಂದ ತೇವ, ಮೇಲಿಂದ ಬಿಸಿಲು ಸಿಕ್ಕಿ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಸಿದರೆ ಕನಿಷ್ಠ 1 ಇಂಚು ದಪ್ಪದ್ದನ್ನು ಕಾಂಕ್ರೀಟಿನ ಮೇಲೆ, ಅಡಿಯಲ್ಲಿ ಎಲ್ಲೂ ಟೊಳ್ಳು ಬಿಡದೆ ಗಾರೆ ತುಂಬಿ ಹಾಸಬೇಕು. ನಾಲ್ಕು ಮೂಲೆಗೆ ನಾಲ್ಕು ಕರಣೆ ಗಾರೆ ಇಟ್ಟು ಕಲ್ಲು ಕೂರಿಸುವ ರೂಢಿ ಇದೆ, ಅದೇ ಮೊದಲ ವರ್ಷ ಕಲ್ಲು ಒಡೆಯಲು ಕಾರಣ. ಇನ್ನೊಂದು ಎಚ್ಚರ: ಕೆಲಸ ಮುಗಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಆ್ಯಸಿಡ್ ಸುರಿಯುತ್ತಾರೆ. ಗ್ರಾನೈಟ್ ತಡೆದೀತು, ಸುಣ್ಣದ ಕಲ್ಲನ್ನು ಆ್ಯಸಿಡ್ ತಿನ್ನುತ್ತದೆ, ಮೇಲ್ಮೈ ಬಿಳಿಚಿ ಒರಟಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ತಾಂಡೂರು, ಬೇತಂಚೆರ್ಲ, ಕೋಟಾ ಎಲ್ಲವೂ ಸುಣ್ಣದ ಕಲ್ಲಿನ ಬಳಗವೇ, ಇವೇ ಮಾತು ಅವಕ್ಕೂ ಸಲ್ಲುತ್ತವೆ.

ಕಡಪ. ಇದೂ ಸುಣ್ಣದ ಕಲ್ಲೇ, ಬಣ್ಣ ಮಾತ್ರ ಕಪ್ಪು. ಎಣ್ಣೆ ಹಚ್ಚಿ ಮಿರಿಮಿರಿ ಮಾಡಿ ತೋರಿಸುತ್ತಾರೆ. ಬಿಸಿಲಿಗೆ ಬಿದ್ದ ಮೇಲೆ ಬಣ್ಣ ಬೂದಿಗೆ ತಿರುಗುತ್ತದೆ, ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುತ್ತದೆ.

ಜಂಬಿಟ್ಟಿಗೆ. ಮಲೆನಾಡು, ಕರಾವಳಿಯಿಂದ ಬರುತ್ತದೆ. ಚನ್ನಗಿರಿ, ಹೊನ್ನಾಳಿಯ ಅಡಿಕೆ ತೋಟಗಳ ನೆರಳಲ್ಲಿ ನೀರು ಹೀರಿ ಪಾಚಿ ಹಿಡಿಯುತ್ತದೆ. ಕಟ್ಟೆಗೆ ಚಂದ, ನಡೆಯಲು ಅಲ್ಲ.

ಹೊಲದಲ್ಲೇ ಸಿಗುವ ಕಲ್ಲುಗಳನ್ನು ಕಡೆಗಣಿಸಬೇಡಿ. ಬೆಣಚುಕಲ್ಲಿನ ಚೂರುಗಳು ಹಾದಿಯ ಮೇಲ್ಮೈಗೆ ಆಗುವುದಿಲ್ಲ, ಅಂಚು ಕತ್ತರಿಸುತ್ತದೆ, ಆದರೆ ತಳಕ್ಕೆ ಸೋಲಿಂಗ್ (ಕಲ್ಲು ಜೋಡಿಸಿದ ಪದರ) ಹಾಕಲು ಖರ್ಚಿಲ್ಲದ ಒಳ್ಳೆಯ ಮಾಲು. ಹೊಳಲ್ಕೆರೆ, ಹೊಸದುರ್ಗ ಕಡೆಯ ಕೆಂಪಗಿನ ಭಾರದ ಕಲ್ಲುಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ಮಳೆಗೆ ತುಕ್ಕಿನ ಕಲೆ ಬಿಡುತ್ತದೆ, ಗೋಡೆಯ ಹತ್ತಿರ ಬೇಡ. ಇನ್ನು, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸೀಮೆಯಲ್ಲಿ ದುಂಡಗೆ ನೆಟ್ಟ ದೊಡ್ಡ ಕಲ್ಲುಗಳು ಕಂಡರೆ ಮುಟ್ಟಬೇಡಿ. ಅವು ಬೃಹತ್ ಶಿಲಾಯುಗದ ಸಮಾಧಿಗಳಾಗಿರಬಹುದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ನೆಲೆ ಅಲ್ಲೇ ಇದೆ. ವೀರಗಲ್ಲು, ಅಕ್ಷರವಿರುವ ಕಲ್ಲು, ಹಾಳುಗುಡಿಯ ಕಲ್ಲುಗಳನ್ನು ಯಾರು ಎಷ್ಟು ಅಗ್ಗಕ್ಕೆ ತಂದುಕೊಟ್ಟರೂ ಬೇಡವೆನ್ನಿ. ಊರಿನ ಇತಿಹಾಸ ಕಾಲಡಿಗೆ ಹಾಕುವ ವಸ್ತುವಲ್ಲ, ಕಾನೂನೂ ಒಪ್ಪುವುದಿಲ್ಲ.

ಕೊಳ್ಳುವಾಗ

ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಖಣಖಣ ಎಂದರೆ ಗಟ್ಟಿ, ದಬದಬ ಎಂದರೆ ಒಳಗೆ ಬಿರುಕು. ಒಣ ಕಲ್ಲಿಗೆ ನೀರು ಚಿಮುಕಿಸಿ, ಒದ್ದೆ ಗೆರೆಯೊಂದು ಒಣಗದೆ ಉಳಿದರೆ ಅಲ್ಲಿ ಕೂದಲೆಳೆ ಸೀಳಿದೆ. ಸುಣ್ಣದ ಕಲ್ಲೋ ಗ್ರಾನೈಟೋ ಎಂಬ ಸಂದೇಹಕ್ಕೆ ಮೂಲೆಯಲ್ಲಿ ಸ್ವಲ್ಪ ಕೆರೆದು ನಿಂಬೆರಸ ಬಿಡಿ. ಗುಳ್ಳೆ ಎದ್ದರೆ ಸುಣ್ಣದ ಕಲ್ಲು.

ಅಳತೆಯಲ್ಲಿ ಹಣ ಸೋರುತ್ತದೆ. ಒರಟು ಚಪ್ಪಡಿಯನ್ನು ಅಗಲವಾದ ಕಡೆ ಅಳೆದು ಚದರಡಿ ಕಟ್ಟುವವರಿದ್ದಾರೆ. ಚೌಕ ಮಾಡಿದ ಮೇಲೆ ಉಳಿಯುವ ಅಳತೆಗೆ ಮಾತ್ರ ಹಣ ಎಂದು ಮೊದಲೇ ಮಾತಾಡಿ. ದಪ್ಪವನ್ನು ತೂಕದಿಂದ ಪರೀಕ್ಷಿಸಬಹುದು: 2 ಇಂಚು ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು 12.5 ಕೆಜಿ. 100 ಚದರಡಿಗೆ ಒಂದೂಕಾಲು ಟನ್. ಟ್ರಾಕ್ಟರನ್ನು ತೂಕದ ಕಾಟಾ ಮೇಲೆ ಹತ್ತಿಸಿದಾಗ 100 ಚದರಡಿಗೆ 900 ಕೆಜಿ ಬಂದರೆ ನಿಮಗೆ ಬಂದಿರುವುದು ಒಂದೂವರೆ ಇಂಚಿನ ಕಲ್ಲು. ಅದೇ ಲೆಕ್ಕದಲ್ಲಿ 3 × 2 ಅಡಿಯ ಚಪ್ಪಡಿ 75 ಕೆಜಿ, ಇಬ್ಬರು ಎತ್ತುವಂಥದ್ದು. ಅದಕ್ಕಿಂತ ದೊಡ್ಡ ಕಲ್ಲು ತರಿಸಿದರೆ ಹಾಸುವ ಕೂಲಿಯೂ ಏರುತ್ತದೆ, ಮೂಲೆಯೂ ಮುರಿಯುತ್ತದೆ.

ದರ ಕೇಳುವಾಗ "ಮನೆ ಬಾಗಿಲಿಗೆ ಇಳಿಸಿ ಚದರಡಿಗೆ ಎಷ್ಟು?" ಎಂದೇ ಕೇಳಿ. ಅಂಗಡಿ ದರ, ಲಾರಿ ಬಾಡಿಗೆ, ಹಮಾಲಿ, ತೆರಿಗೆ ಬೇರೆ ಬೇರೆ ಹೇಳಿದರೆ ಎರಡು ಅಂಗಡಿಗಳನ್ನು ಹೋಲಿಸಲು ಆಗುವುದಿಲ್ಲ. ಲಾರಿ ನಿಮ್ಮ ಹೊಲದ ದಾರಿಯಲ್ಲಿ ಬರುತ್ತದೆಯೇ ಎಂಬುದನ್ನೂ ಮಾತಾಡಿ. ಎರೆಯ ದಾರಿಯಲ್ಲಿ ಮಳೆ ಬಿದ್ದ ಮರುದಿನ ತುಂಬಿದ ಲಾರಿ ಹೂತುಕೊಂಡರೆ ಕಲ್ಲನ್ನು ರಸ್ತೆ ಬದಿಗೇ ಇಳಿಸಿ ಹೋಗುತ್ತಾರೆ. ಕ್ವಾರಿಯಿಂದ ನೇರ ತರಿಸುವವರು ಬಿಲ್ಲಿನ ಜೊತೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಇದೆಯೇ ಎಂದು ನೋಡಬೇಕು, ದಾರಿಯಲ್ಲಿ ತಡೆದರೆ ಮಾಲು ನಿಮಗೆ ಬಂದು ಸೇರುವುದಿಲ್ಲ.

ಎಲ್ಲವನ್ನೂ ಒಂದೇ ಸಲ ತರಿಸಿ, ಮೇಲೆ 10% ಸೇರಿಸಿ. ಆಮೇಲೆ ಹತ್ತು ಕಲ್ಲು ಬೇಕೆಂದು ಹೋದರೆ ಬಣ್ಣ ಕೂಡುವುದಿಲ್ಲ.

ಕೆಲಸಕ್ಕೆ ಯಾರು

ಲ್ಯಾಂಡ್‌ಸ್ಕೇಪ್ ಎಂಬ ಹೆಸರಿನಲ್ಲಿ ನಮ್ಮ ಕಡೆ ಕೆಲಸ ಹಿಡಿಯುವವರು ನಾಲ್ಕು ತೆರ.

ನರ್ಸರಿಯವರು ಗಿಡ, ಹುಲ್ಲುಹಾಸು, ಹನಿ ನೀರಾವರಿ ಬಲ್ಲವರು. ಯಾವ ಗಿಡ ಎಷ್ಟು ಹರಡುತ್ತದೆ ಎಂಬ ಅವರ ತಿಳಿವಳಿಕೆ ಹಾದಿಯ ನಕ್ಷೆಗೆ ಬೇಕೇ ಬೇಕು. ಕಲ್ಲಿನಲ್ಲಿ ಮಾತ್ರ ಅವರ ಪದ್ಧತಿ ಹೆಚ್ಚಾಗಿ ಒಂದೇ: ಮಣ್ಣು ಸಮ ಮಾಡಿ, ಒಂದು ಇಂಚು ಮರಳು ಹರಡಿ, ಕಲ್ಲು ಇಡುವುದು. ಹಾಸಿದ ವಾರ ಫೋಟೊಗೆ ಚಂದ, ಒಂದು ಮಳೆಗಾಲ ಕಳೆದರೆ ಅಲೆ ಅಲೆ.

ಬೆಂಗಳೂರಿನಿಂದ ಬರುವ ಸಂಸ್ಥೆಗಳ ನಕ್ಷೆ ಒಳ್ಳೆಯದಿರುತ್ತದೆ, ನೀರಿನ ಹರಿವು, ಎತ್ತರ ತಗ್ಗು ಎಲ್ಲ ಕಾಗದದ ಮೇಲೆ ಬರುತ್ತದೆ. ಸಣ್ಣ ಕೆಲಸ ಹಿಡಿಯುವುದು ಅಪರೂಪ, ಹಿಡಿದರೂ ಕೊನೆಗೆ ಕಲ್ಲು ಹಾಸುವುದು ಇಲ್ಲಿಯ ಮೇಸ್ತ್ರಿಗಳೇ. ದೊಡ್ಡ ತೋಟವಾದರೆ ನಕ್ಷೆಗೆ ಮಾತ್ರ ಹಣ ಕೊಟ್ಟು, ಕೆಲಸ ಇಲ್ಲಿ ಮಾಡಿಸುವುದು ಮೇಲು.

ಇಂಟರ್‌ಲಾಕ್ ಬ್ಲಾಕ್ ಹಾಸುವ ಗುತ್ತಿಗೆದಾರರನ್ನು ಕಲ್ಲಿನ ಕೆಲಸಕ್ಕೆ ಯಾರೂ ನೆನೆಯುವುದಿಲ್ಲ, ಆದರೆ ತಳಕ್ಕೆ ಇವರಿಗಿಂತ ತಕ್ಕವರಿಲ್ಲ. ಅವರ ಬಳಿ ಪ್ಲೇಟ್ ಕಾಂಪ್ಯಾಕ್ಟರ್ ಇರುತ್ತದೆ, ಗರಸನ್ನು ಪದರದಲ್ಲಿ ಒತ್ತುವುದು, ಅಂಚು ಕಟ್ಟುವುದು ದಿನನಿತ್ಯದ ಕೆಲಸ. ತಳವನ್ನು ಇವರಿಂದ, ಮೇಲಿನ ಕಲ್ಲನ್ನು ಕಲ್ಲು ಮೇಸ್ತ್ರಿಯಿಂದ ಮಾಡಿಸುವುದು ನಾವು ಧೈರ್ಯವಾಗಿ ಹೇಳುವ ದಾರಿ.

ಕಲ್ಲು ಮೇಸ್ತ್ರಿಗಳನ್ನು ಹುಡುಕಬೇಕಾದದ್ದು ದೇವಸ್ಥಾನದ ಕಟ್ಟೆ, ಕಲ್ಲಿನ ಕಾಂಪೌಂಡ್, ಕಲ್ಯಾಣಿ ದುರಸ್ತಿ ನಡೆಯುವ ಕಡೆ, ಮತ್ತು ಚಪ್ಪಡಿ ಒಡೆಯುವ ಜಾಗಗಳಲ್ಲಿ. ತಲೆಮಾರುಗಳಿಂದ ಕಲ್ಲು ಒಡೆಯುವ ಬೋವಿ ಕುಟುಂಬಗಳಲ್ಲಿ ಈ ಕೈ ಇನ್ನೂ ಉಳಿದಿದೆ. ಕಲ್ಲಿನ ನಾರು ಯಾವ ಕಡೆ ಹೋಗಿದೆ ಎಂದು ನೋಡಿ ಒಂದೇ ಏಟಿಗೆ ನೇರ ಸೀಳುವವರು ಅವರು. ಆ ಕೌಶಲಕ್ಕೆ ತಕ್ಕ ಕೂಲಿ ಕೊಡಿ, ಅದರಲ್ಲಿ ಚೌಕಾಸಿ ಬೇಡ. ಟೈಲ್ಸ್ ಮೇಸ್ತ್ರಿ ಎಷ್ಟೇ ಜಾಣನಾದರೂ ಸಮ ದಪ್ಪದ ವಸ್ತುವಿಗೆ ಒಗ್ಗಿದವನು, ಒರಟು ಚಪ್ಪಡಿಯನ್ನು ಅವನ ಕೈಗೆ ಕೊಡಬೇಡಿ.

ಯಾರೇ ಇರಲಿ, ಎರಡು ಮಳೆಗಾಲ ಕಂಡ ಅವರ ಕೆಲಸವೊಂದನ್ನು ಹೋಗಿ ನೋಡಿ. ಆಮೇಲೆ ಕೇಳಬೇಕಾದದ್ದು: "ಮೇಸ್ತ್ರಿ, ವಾಟ ಯಾವ ಕಡೆ ಕೊಡ್ತೀರಿ? ಎಷ್ಟು ಆಳ ತೆಗೀತೀರಿ? ಗರಸು ಎಷ್ಟು ಪದರ? ಅಂಚು ಏನು ಕಟ್ತೀರಿ?" ಕಲ್ಲಿನ ಬಣ್ಣದ ಮಾತು ಬಿಟ್ಟು ಈ ನಾಲ್ಕಕ್ಕೆ ತಡವರಿಸದೆ ಉತ್ತರ ಬಂದರೆ ಆ ಮನುಷ್ಯನಿಗೆ ಕೆಲಸ ಗೊತ್ತು. ಉತ್ತರಗಳನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮುಂಗಡ 20%ಕ್ಕಿಂತ ಹೆಚ್ಚು ಬೇಡ, ತಳ ಮುಗಿದಾಗ ಒಂದು ಕಂತು, ಕಲ್ಲು ಮುಗಿದಾಗ ಒಂದು, ಕೊನೆಯ 10% ಮೊದಲ ದೊಡ್ಡ ಮಳೆ ಕಳೆದ ಮೇಲೆ.

60 ಅಡಿ ಹಾದಿಯ ಲೆಕ್ಕ

ಇಬ್ಬರು ಜೊತೆಯಾಗಿ ನಡೆಯಲು 4 ಅಡಿ ಅಗಲ ಬೇಕು. ಗೇಟಿನಿಂದ ಮನೆಗೆ 60 ಅಡಿಯಾದರೆ 240 ಚದರಡಿ. ಕಲ್ಲು, 10% ಸೇರಿ, 264 ಚದರಡಿ, ತೂಕ 3.3 ಟನ್. ಎರಡೂ ಅಂಚಿಗೆ 120 ಅಡಿ, 7 ಅಡಿಯ 18 ಕಂಬ.

ಕೆಂಪು ಮಣ್ಣಾದರೆ 7 ಇಂಚು ತೋಡಿದರೆ ಸಾಕು. 4 ಇಂಚು ಒತ್ತಿದ ಗರಸು, ಒಂದೂವರೆ ಇಂಚು ಕ್ವಾರಿ ಡಸ್ಟ್ (ಕಲ್ಲುಪುಡಿ), 2 ಇಂಚು ಕಲ್ಲು, ಒಟ್ಟು ಏಳೂವರೆ. ಮೇಲ್ಮೈ ಸುತ್ತಲ ನೆಲಕ್ಕಿಂತ ಅರ್ಧ ಇಂಚು ಎತ್ತರ ಬರುತ್ತದೆ, ಮಣ್ಣು ಕೊಚ್ಚಿ ಹಾದಿಗೆ ಬರುವುದಿಲ್ಲ. ಒತ್ತಿದ ಮೇಲೆ 80 ಘನ ಅಡಿ ಗರಸು ಬೇಕು, ಸಡಿಲ ಗರಸು ಐದನೇ ಒಂದು ಭಾಗ ಕುಗ್ಗುವುದರಿಂದ 1 ಬ್ರಾಸ್ ಅಂದರೆ 100 ಘನ ಅಡಿ ತರಿಸಿ, ನೆಲದ ಏರುಪೇರಿಗೆ ಸ್ವಲ್ಪ ಹೆಚ್ಚಿದ್ದರೂ ಒಳ್ಳೆಯದೇ. ಡಸ್ಟ್ 30 ಘನ ಅಡಿ, ಸಂದಿಗೂ ಸೇರಿ 40.

ಎರೆಯಾದರೆ ಗರಸು 8 ಇಂಚಾದರೂ ಬೇಕು, ಅಂದರೆ 2 ಬ್ರಾಸ್, ಆಳ 11 ಇಂಚು. ಎರೆಗೂ ಗರಸಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಸರು ಗರಸಿನೊಳಕ್ಕೆ ಏರುತ್ತದೆ, ಗರಸು ಕೆಳಕ್ಕೆ ಇಳಿಯುತ್ತದೆ. ತೀರಾ ಉಬ್ಬುವ ಎರೆಗೆ ತಳದ 6 ಇಂಚು ಮಣ್ಣನ್ನು ಕೆದಕಿ ಪುಡಿಸುಣ್ಣ ಬೆರೆಸಿ ಒತ್ತುವುದು ಗಟ್ಟಿ ಉಪಾಯ. ಮಣ್ಣಿನ ತೂಕದ 4% ಅಂದರೆ ಈ ಹಾದಿಗೆ ಸುಮಾರು 200 ಕೆಜಿ. ಸುಣ್ಣ ಕಣ್ಣಿಗೆ, ಕೈಗೆ ತಾಗದಂತೆ ಕನ್ನಡಕ, ಗವಸು ಬೇಕೇ ಬೇಕು. ಎರೆಯಲ್ಲಿ ಕೆಲಸ ಶುರುಮಾಡಲು ಹದ ಮಳೆಗಾಲ ಮುಗಿದ ಮೇಲಿನ ನವೆಂಬರ್‌ನಿಂದ ಜನವರಿ. ಬಿರುಕು ಬಾಯಿಬಿಟ್ಟ ಏಪ್ರಿಲ್‌ನಲ್ಲಿ ಹಾಸಿದ ಹಾದಿ ಮಳೆಗೆ ಉಬ್ಬಿ ಏಳುತ್ತದೆ.

ತಳ ತೋಡಿದ ಕೂಡಲೇ, ಗರಸು ಬೀಳುವ ಮೊದಲು, ಹಾದಿಯನ್ನು ಅಡ್ಡ ದಾಟಬೇಕಾದ ಎಲ್ಲ ಕಡೆ 2 ಇಂಚಿನ ಪಿವಿಸಿ ಪೈಪು ಹೂತು ಎರಡೂ ತುದಿ ಮುಚ್ಚಿಡಿ. ಡ್ರಿಪ್ ಪೈಪು, ಬೋರ್‌ವೆಲ್ ಕೇಬಲ್, ದೀಪದ ತಂತಿ ಮುಂದೆ ಅದರಲ್ಲಿ ಹೋಗುತ್ತವೆ. ಹಾಸಿ ಮುಗಿದ ಹಾದಿಯನ್ನು ಒಂದು ಡ್ರಿಪ್ ಲೈನಿಗಾಗಿ ಕಿತ್ತ ಮನೆಗಳು ಬೇಕಾದಷ್ಟಿವೆ.

ಗರಿಕೆ, ಜೇಕುಗಳನ್ನು ಬೇರು, ಗಡ್ಡೆ ಸಮೇತ ಆರಿಸಿ ತೆಗೆಯಬೇಕು. ಜೇಕಿನ ಒಂದು ಗಡ್ಡೆ ಉಳಿದರೂ ಸಂದಿನಲ್ಲಿ ಬರುತ್ತದೆ.

ಗರಸನ್ನು 3–4 ಇಂಚಿನ ಪದರದಲ್ಲಿ ಹರಡಿ, ನೀರು ಚಿಮುಕಿಸಿ ಒತ್ತಬೇಕು. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಿ, ನೀರು ತೊಟ್ಟಿಕ್ಕದ ಹದ. 8 ಇಂಚನ್ನು ಒಟ್ಟಿಗೆ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲಿನ ಅರ್ಧ ಮಾತ್ರ ಗಟ್ಟಿ. ಮುಗಿದ ತಳದ ಮೇಲೆ ಹಿಮ್ಮಡಿ ಊರಿ ತಿರುಗಿಸಿ ನೋಡಿ, ಗುರುತು ಬೀಳಬಾರದು.

ಅಂಚಿನ ಕಂಬ ಮೊದಲು, ಕಲ್ಲು ಆಮೇಲೆ. ವಾಟವನ್ನು ಟ್ಯೂಬ್ ಲೆವೆಲ್ ಹಿಡಿದು ದಾರ ಕಟ್ಟಿಯೇ ನಿಗದಿ ಮಾಡಬೇಕು. 4 ಅಡಿ ಅಗಲಕ್ಕೆ 1 ಇಂಚು, ಮನೆಯಿಂದ ಹೊರಗೆ. ಒರಟು ಕಲ್ಲಿಗೆ ಇದಕ್ಕಿಂತ ಕಡಿಮೆ ಕೊಟ್ಟರೆ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಪ್ರತಿ ಕಲ್ಲನ್ನೂ ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ನಾಲ್ಕು ಮೂಲೆಯ ಮೇಲೂ ನಿಂತು ನೋಡಬೇಕು. ಅಲುಗಿದರೆ ಕಲ್ಲೆತ್ತಿ ಡಸ್ಟ್ ಸರಿಮಾಡಬೇಕೇ ಹೊರತು ಸಂದಿಗೆ ಚಕ್ಕೆ ತುರುಕಬಾರದು. ತುರುಕಿದ ಚಕ್ಕೆಯ ಮೇಲೆಯೇ ಕಲ್ಲು ಮುಂದೆ ಮುರಿಯುವುದು. ಒಬ್ಬ ಮೇಸ್ತ್ರಿ, ಇಬ್ಬರು ಆಳು ಒರಟು ಚಪ್ಪಡಿಯನ್ನು ದಿನಕ್ಕೆ 50–70 ಚದರಡಿ ಹಾಸಿದರೆ ಒಳ್ಳೆಯ ವೇಗ. 150 ಹಾಸುತ್ತೇವೆ ಎನ್ನುವವರು ಮೂಲೆಯ ಮೇಲೆ ನಿಂತು ನೋಡುತ್ತಿಲ್ಲ.

ಸಂದಿಗೆ ಡಸ್ಟ್ ಜೊತೆ 6 ಎಂಎಂ ಜಲ್ಲಿ ಬೆರೆಸಿ ಪೊರಕೆಯಿಂದ ಗುಡಿಸಿ ತುಂಬಿ, ನೀರು ಹಾಕಿ, ಮತ್ತೆ ತುಂಬಿ. ಡಸ್ಟಿನ ಮೇಲೆ ಕೂತ ಕಲ್ಲಿನ ಸಂದಿಗೆ ಸಿಮೆಂಟ್ ಹಾಕಬಾರದು. ಅಡಿ ಮೆದುವಾಗಿ ಅಲುಗುವಾಗ ಮೇಲಿನ ಬಿಗಿ ಸಂದು ಮೊದಲು ಬಿಡುತ್ತದೆ.

ಟ್ರಾಕ್ಟರ್ ದಾಟುವ ಜಾಗವಿದ್ದರೆ ಅಲ್ಲಿ ಈ ಲೆಕ್ಕ ನಡೆಯದು. ಗಾಲಿ ಹಾಯುವ ಅಷ್ಟು ಅಗಲಕ್ಕೆ 4 ಇಂಚಿನ ಕಲ್ಲು ಅಥವಾ ಸೈಜುಗಲ್ಲನ್ನು ನಿಲ್ಲಿಸಿ ಹಾಸಿ, ಅಡಿಯ ಗರಸನ್ನು ದುಪ್ಪಟ್ಟು ಮಾಡಿ.

ಬಿಡಿ ಬಿಡಿ ಹೆಜ್ಜೆಗಲ್ಲು ಹಾಕುವವರು ಕಲ್ಲಿನ ನಡುವಿನಿಂದ ನಡುವಿಗೆ 22 ಇಂಚು ಇಡಿ. ಸೀರೆಯುಟ್ಟವರು, ಹಿರಿಯರು ಹೆಚ್ಚು ಓಡಾಡುವ ಕಡೆ 20. ಕಲ್ಲು 15 × 12 ಇಂಚಿಗಿಂತ ಚಿಕ್ಕದಾದರೆ ಕಾಲು ಜಾರುತ್ತದೆ. ಮೆಟ್ಟಿಲಿಗೆ ಎತ್ತರ 5–6 ಇಂಚು, ಪಾದ ಇಡುವ ಅಗಲ 14.

ಹಾಸಿದ ಮೇಲಿನ ವರ್ಷ

ಮೊದಲ ದೊಡ್ಡ ಮಳೆ ನಿಂತ ಕೂಡಲೇ ಹಾದಿಯುದ್ದಕ್ಕೂ ನಡೆದು ನೀರು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಕಾಲಿಟ್ಟಾಗ ಸಂದಿನಿಂದ ಕೆಸರು ನೀರು ಚಿಮ್ಮಿದರೆ ಅಲ್ಲಿ ತಳ ಗಟ್ಟಿಯಾಗಿಲ್ಲ, ಮೇಲೆ ಡಸ್ಟ್ ತುಂಬಿ ಪ್ರಯೋಜನವಿಲ್ಲ, ಆ ಕಲ್ಲುಗಳನ್ನು ತೆಗೆದು ಗರಸನ್ನು ಮತ್ತೆ ಒತ್ತಬೇಕು. ಅಂಚಿನ ಕಂಬ ಹೊರಕ್ಕೆ ವಾಲಿದ್ದರೆ ಅದನ್ನು ಮೊದಲು ಸರಿಮಾಡಿ, ಅಂಚು ಹೋದರೆ ನಡುವಿನ ಕಲ್ಲುಗಳು ಒಂದೊಂದಾಗಿ ಸರಿಯುತ್ತವೆ. ಈ ತಿದ್ದುಪಡಿ ಮೇಸ್ತ್ರಿಯ ಕೆಲಸ, ಹಿಡಿದಿಟ್ಟ 10% ಇದಕ್ಕೇ.

ಸಂದಿನ ಡಸ್ಟ್ ಮೊದಲ ವರ್ಷ ಕುಸಿಯುವುದು ಸಹಜ, ಮಳೆಗಾಲದ ನಂತರ ಮೂರ್ನಾಲ್ಕು ಬುಟ್ಟಿ ಬೇಕಾಗುತ್ತದೆ. ಅಡಿಕೆ ತೋಟದ ನೆರಳಿನ ಹಾದಿಗೆ ಪಾಚಿ ಬಂದರೆ ಗಟ್ಟಿ ಪೊರಕೆ, ನೀರು ಸಾಕು. ಬ್ಲೀಚಿಂಗ್ ಪುಡಿ ಹಾಕುವವರು ಅದು ಗಿಡದ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ. ಹಾದಿಯಿಂದ 10 ಅಡಿಯೊಳಗೆ ಆಲ, ಅತ್ತಿ, ಗಸಗಸೆ ಮರದ ಸಸಿ ನೆಡಬೇಡಿ, ಅವುಗಳ ಬೇರು 75 ಕೆಜಿಯ ಚಪ್ಪಡಿಯನ್ನೂ ಎತ್ತುತ್ತದೆ. ಅಂಚಿಗೆ ಮಜ್ಜಿಗೆ ಹುಲ್ಲು, ಕನಕಾಂಬರ, ಲೋಳೆಸರ ಹಾಕಬಹುದು. ಮಜ್ಜಿಗೆ ಹುಲ್ಲು ದಟ್ಟವಾದಾಗ ಸವರಿಡಿ, ಹಾದಿಗೆ ಬಾಗಿದ ಹುಲ್ಲಿನ ಬುಡದಲ್ಲಿ ಹಾವು ಮಲಗಿರುವುದು ರಾತ್ರಿ ಕಾಣುವುದಿಲ್ಲ. ಉಳಿದ ಕಲ್ಲುಗಳನ್ನು ಮನೆಗೆ ಒತ್ತಿ ರಾಶಿ ಹಾಕಬೇಡಿ, ಚೇಳು ಸೇರುತ್ತವೆ. ದೂರದಲ್ಲಿ, ಕಲ್ಲಿನ ಕೆಳಗೆ ಎರಡು ಕಂಬ ಕೊಟ್ಟು ಒರಗಿಸಿಡಿ.